ಶ್ವಾನಸ್ತನಗಂತಿಯ ಸಾಕ್ಷ್ಯ: ಎಪಿಜೆನೆಟಿಕ್ ಸಂಶೋಧನೆಗಳ ಒಂದು ವಿಮರ್ಶೆ

ಹೆಣ್ಣು ನಾಯಿಗಳ ಸ್ತನಗ್ರಂಥಿಯಲ್ಲಿ ಬೆಳೆಯುವ ಗಂತಿಗಳನ್ನು ಕುರಿತು ಕಳೆದ ಎರಡು ದಶಕಗಳಲ್ಲಿ ಪ್ರಕಟವಾಗಿರುವ ಸಂಶೋಧನ ಲೇಖನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನಾಯಿಯ ಈ ರೋಗವು ಸ್ತ್ರೀಯರ ಸ್ತನ ಕ್ಯಾನ್ಸರನ್ನು ಬಹುಮಟ್ಟಿಗೆ ಹೋಲುವುದರಿಂದ ಒಂದರ ಅಧ್ಯಯನವು ಇನ್ನೊಂದರ ಮೇಲೆ ಬೆಳಕು ಬೀರುತ್ತದೆ ಎಂಬುದೇ ಆ ಮಾತಿನ ಸಾರ. ಸಾಮಾನ್ಯವಾಗಿ ಅದು ಲೇಖನದ ಮೊದಲ ಪರಿಚ್ಛೇದದಲ್ಲಿಯೇ ಬರುತ್ತದೆ. ಒಮ್ಮೆ ಬಂದ ಮೇಲೆ ಅದನ್ನು ಮರಳಿ ವಿಚಾರಣೆಗೆ ಒಳಪಡಿಸುವುದು ಅಪೂರ್ವ. ಪ್ರಕೃತ ಲೇಖನದಲ್ಲಿ ನಾವು ಪರೀಕ್ಷಿಸಹೊರಟಿರುವುದು ಈ ಮಾತನ್ನು. ಅದರಲ್ಲಿಯೂ ವಿಶೇಷವಾಗಿ, ಎಪಿಜೆನೆಟಿಕ್ ವ್ಯತ್ಯಾಸಗಳೆಂದು ಕರೆಯಲ್ಪಡುವ ಸೂಕ್ಷ್ಮ ಗುರುತುಗಳ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ನಿಲ್ಲಬಲ್ಲದು ಎಂಬುದನ್ನು.

ಇತಿಹಾಸವನ್ನು ಬೋಧಿಸುವವರಿಗೆ ಜೀವಶಾಸ್ತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಪ್ರಯೋಗಶಾಲೆಯ ಫಲಿತಾಂಶಗಳ ಸರಿತಪ್ಪುಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆ ಕೆಲಸಕ್ಕೆ ನಾವು ಕೈಹಾಕುವುದೂ ಇಲ್ಲ. ಆದರೆ ಒಂದು ಸಾಕ್ಷ್ಯವು ಯಾವ ಕಾಲದ್ದು, ಯಾರ ಕೈಯಿಂದ ಯಾರ ಕೈಗೆ ಬಂದುದು, ಯಾವ ಮಾತಿಗೆ ಅದು ಸಾಕ್ಷಿಯಾಗಬಲ್ಲದು, ಯಾವುದಕ್ಕೆ ಆಗಲಾರದು ಎಂಬ ಪ್ರಶ್ನೆಗಳು ಇತಿಹಾಸಕಾರನ ನಿತ್ಯದ ಉದ್ಯೋಗ. ತಾಮ್ರಶಾಸನವೊಂದು ದೊರೆತಾಗ ಅದರ ಲಿಪಿ, ತೇದಿ, ಭಾಷೆಗಳನ್ನು ಒರೆಗೆ ಹಚ್ಚದೆ ರಾಜವಂಶಾವಳಿಯನ್ನು ಬರೆಯಹೊರಡುವವನನ್ನು ನಾವು ಒಪ್ಪುವುದಿಲ್ಲ. ನಾಯಿಯ ಅಂಗಾಂಶದಿಂದ ಪಡೆದ ಸಾಕ್ಷ್ಯಕ್ಕೂ ಅದೇ ನಿಯಮ ಸಲ್ಲತಕ್ಕದ್ದು.

ಮೊದಲು ಪದದ ವಿಚಾರ. ‘ಎಪಿಜೆನೆಟಿಕ್ಸ್’ ಎಂಬ ಹೆಸರನ್ನು ೧೯೪೨ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಜೀವಶಾಸ್ತ್ರಜ್ಞ ಕಾನ್ರಾಡ್ ವ್ಯಾಡಿಂಗ್‌ಟನ್. ಒಂದೇ ಫಲಿತಾಂಡದಿಂದ ಕಣ್ಣು, ಚರ್ಮ, ಎಲುಬು ಮುಂತಾದ ಭಿನ್ನಭಿನ್ನ ಅಂಗಗಳು ರೂಪುಗೊಳ್ಳುವ ಕ್ರಮದಲ್ಲಿ ಜೀನುಗಳು ಹೇಗೆ ತಮ್ಮ ಕಾರ್ಯವನ್ನು ಸಾಧಿಸುತ್ತವೆ ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಅವರು ಆ ಹೆಸರನ್ನಿಟ್ಟರು. ೧೯೫೭ರ ತಮ್ಮ ಗ್ರಂಥದಲ್ಲಿ, ಕವಲೊಡೆಯುತ್ತ ಇಳಿಯುವ ಕಣಿವೆಗಳ ನಡುವೆ ಉರುಳಲು ಸಿದ್ಧವಾಗಿರುವ ಚೆಂಡಿನ ಚಿತ್ರವೊಂದರ ಮೂಲಕ ಅವರು ಈ ಕ್ರಮವನ್ನು ನಿರೂಪಿಸಿದರು. ಅದು ಬೆಳವಣಿಗೆಯ ಚಿತ್ರ. ರಾಸಾಯನಿಕ ಗುರುತುಗಳ ಚಿತ್ರವಲ್ಲ. ೧೯೭೫ರಲ್ಲಿ ಬ್ರಿಟನ್ನಿನ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಒಂದು ಕಡೆ, ಅಮೆರಿಕದ ಆರ್ಥರ್ ರಿಗ್ಸ್ ಇನ್ನೊಂದು ಕಡೆ, ಪರಸ್ಪರ ಸ್ವತಂತ್ರವಾಗಿ ಒಂದು ಸೂಚನೆಯನ್ನು ಮುಂದಿಟ್ಟರು: ಡಿ.ಎನ್.ಎ.ಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್‌ಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿಕೊಂಡು, ಜೀವಕೋಶ ಒಡೆದು ಎರಡಾದಾಗಲೂ ಆ ಗುರುತು ಮರಿಕೋಶಗಳಿಗೆ ಸಾಗಿಬಂದು, ಜೀನುಗಳ ಚಟುವಟಿಕೆಯನ್ನು ನಿಯಂತ್ರಿಸಬಹುದೆಂಬುದೇ ಆ ಸೂಚನೆ. ಅಕ್ಷರಗಳು ಬದಲಾಗದಿದ್ದರೂ ಅವುಗಳನ್ನು ಓದುವ ರೀತಿ ಬದಲಾಗುತ್ತದೆಂಬುದು ಇದರ ತಾತ್ಪರ್ಯ. ೧೯೮೩ರಲ್ಲಿ ಆಂಡ್ರೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗಲ್‌ಸ್ಟೈನ್, ಮಾನವನ ಕೆಲವು ಕ್ಯಾನ್ಸರುಗಳಲ್ಲಿ ಈ ಮೀಥೈಲ್ ಗುರುತುಗಳು ಆರೋಗ್ಯವಂತ ಅಂಗಾಂಶದಲ್ಲಿರುವುದಕ್ಕಿಂತ ಕಡಮೆಯಾಗಿರುವುದನ್ನು ತೋರಿಸಿದರು. ಗಂತಿಯ ಬೆಳವಣಿಗೆಯನ್ನು ತಡೆಯುವ ಕೆಲವು ಜೀನುಗಳ ಆರಂಭಸ್ಥಾನದಲ್ಲಿ ಅದೇ ಗುರುತುಗಳು ಮಿತಿಮೀರಿ ಕೂಡಿಕೊಂಡು ಅವುಗಳ ಬಾಯಿಕಟ್ಟುತ್ತವೆಂಬುದು ಅನಂತರದ ವರ್ಷಗಳಲ್ಲಿ ಸ್ಥಿರಪಟ್ಟಿತು.

ಹೀಗೆ ಒಂದು ಪ್ರಕ್ರಿಯೆಯ ಹೆಸರಾಗಿದ್ದ ಪದವು ಕ್ರಮೇಣ ಒಂದು ಗುರುತಿನ ಹೆಸರಾಯಿತು. ಪದಗಳ ಅರ್ಥ ಬದಲಾಗುವುದು ದೋಷವಲ್ಲ. ಆದರೆ ಹೊಸ ಅರ್ಥದಲ್ಲಿ ಸಂಗ್ರಹಿಸಿದ ಸಾಕ್ಷ್ಯದಿಂದ ಹಳೆಯ ಅರ್ಥದ ನಿರ್ಣಯವನ್ನು ಹೊರಡಿಸಿದರೆ ಅದು ದೋಷವಾಗುತ್ತದೆ. ಗಂತಿಯಲ್ಲಿ ಮೀಥೈಲ್ ಗುರುತುಗಳು ಬದಲಾಗಿವೆಯೆಂದು ಅಳೆದು ತೋರಿಸುವುದು ಒಂದು ಕೆಲಸ. ಆ ಬದಲಾವಣೆಯ ಮೂಲಕವೇ ಗಂತಿ ಹುಟ್ಟಿತೆಂದು ಹೇಳುವುದು ಬೇರೊಂದು ಕೆಲಸ. ನಾವು ಓದಿದ ಕೆಲವು ಬರಹಗಳಲ್ಲಿ ಮೊದಲನೆಯದನ್ನು ಮಾಡಿ ಎರಡನೆಯದನ್ನು ಸಾಧಿಸಿದಂತೆ ಮಾತನಾಡುವ ಪ್ರವೃತ್ತಿ ಕಂಡುಬರುತ್ತದೆ.

ನಾಯಿಯನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಇದಕ್ಕೆ ಕೊಡುವ ಕಾರಣಗಳು ಪುಷ್ಟವಾಗಿಯೇ ಇವೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಪ್ರಯೋಗಶಾಲೆಯ ಇಲಿಗಳಲ್ಲಿ ಗಂತಿಯನ್ನು ಬಹುಮಟ್ಟಿಗೆ ಸಂಶೋಧಕರೇ ಬರಿಸಬೇಕಾಗುತ್ತದೆ; ನಾಯಿಯಲ್ಲಿ ಅದು ತಾನಾಗಿಯೇ ಬರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಅತ್ಯಂತ ಸಾಮಾನ್ಯವಾದ ಗಂತಿ ಇದೇ. ಇವುಗಳಲ್ಲಿ ಸುಮಾರು ಅರ್ಧದಷ್ಟು ಮಾರಕ ಸ್ವರೂಪದವೆಂದು ಗ್ರಂಥಗಳು ಹೇಳುತ್ತವೆ. ಸಾಕುನಾಯಿ ನಮ್ಮ ಮನೆಯಲ್ಲಿಯೇ ವಾಸಿಸುತ್ತದೆ, ನಾವು ಉಸಿರಾಡುವ ಗಾಳಿಯನ್ನೇ ಉಸಿರಾಡುತ್ತದೆ. ಅದರ ಆಯುಷ್ಯ ಕಡಮೆಯಾದುದರಿಂದ ಮನುಷ್ಯನಲ್ಲಿ ದಶಕಗಳನ್ನು ತೆಗೆದುಕೊಳ್ಳುವ ರೋಗದ ಗತಿಯನ್ನು ಅದರಲ್ಲಿ ಕೆಲವೇ ವರ್ಷಗಳಲ್ಲಿ ನೋಡಬಹುದು. ೨೦೦೫ರಲ್ಲಿ ಬಾಕ್ಸರ್ ಜಾತಿಯ ಹೆಣ್ಣು ನಾಯಿಯೊಂದರ ಡಿ.ಎನ್.ಎ. ಪಾಠವು ಪ್ರಕಟವಾದ ಮೇಲೆ, ೩೯ ಜೊತೆ ಕ್ರೋಮೋಸೋಮುಗಳ ಈ ಪ್ರಾಣಿಯ ಜೀನುಗಳನ್ನು ಮಾನವನ ಜೀನುಗಳೊಡನೆ ಸಾಲಿಟ್ಟು ನೋಡುವುದೂ ಸುಲಭವಾಯಿತು. ಇವೆಲ್ಲ ನಿಜ. ಆದರೆ ಹೋಲಿಕೆಗೆ ಕಾರಣಗಳಿವೆ ಎಂಬುದರಿಂದ ಪ್ರತಿಯೊಂದು ಅಂಶದಲ್ಲಿಯೂ ಹೋಲಿಕೆ ಇದೆ ಎಂಬುದು ಸಿದ್ಧಿಸುವುದಿಲ್ಲ.

ಈ ಕ್ಷೇತ್ರದಲ್ಲಿ ಸಾಕ್ಷ್ಯಗಳು ಕೈಯಿಂದ ಕೈಗೆ ಸಾಗುವಾಗ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. ಎಳೆವಯಸ್ಸಿನಲ್ಲಿ ಅಂಡಾಶಯದ ಹಾರ್ಮೋನುಗಳು ಸ್ತನಗ್ರಂಥಿಯಲ್ಲಿ ಅಳಿಯದ ಎಪಿಜೆನೆಟಿಕ್ ಗುರುತುಗಳನ್ನು ಬಿಡಬಹುದೆಂಬ ಊಹೆ ಆಕರ್ಷಕವಾದುದು. ಗರ್ಭಧಾರಣೆಯ ಅನಂತರ ಇಲಿಯ ಸ್ತನಗ್ರಂಥಿಯಲ್ಲಿ ಇಂಥ ಸ್ಮೃತಿ ಉಳಿಯುತ್ತದೆಂಬುದನ್ನು ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾಯಿಯ ವಿಷಯದಲ್ಲಿ ಈ ಊಹೆಗೆ ಆಧಾರವಾಗಿ ಒದಗುವುದು ಮೂರು ಸಂಖ್ಯೆಗಳು: ೦.೫, ೮ ಮತ್ತು ೨೬. ಇವುಗಳ ಮೂಲವು ಷ್ನೈಡರ್, ಡಾರ್ನ್, ಟೇಲರ್ ಎಂಬ ಮೂವರು ವಿದ್ವಾಂಸರು ೧೯೬೯ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಮೊದಲ ಬೆದೆಗೆ ಮುಂಚೆ ಅಂಡಾಶಯವನ್ನು ತೆಗೆದರೆ ಗಂತಿಯ ಅಪಾಯವು, ತೆಗೆಯದ ನಾಯಿಗಳಿಗಿರುವ ಅಪಾಯದ ಶೇಕಡಾ ೦.೫ರಷ್ಟು, ಒಂದು ಬೆದೆಯ ಅನಂತರ ತೆಗೆದರೆ ಶೇಕಡಾ ೮ರಷ್ಟು, ಎರಡು ಅಥವಾ ಹೆಚ್ಚು ಬೆದೆಗಳ ಅನಂತರ ತೆಗೆದರೆ ಶೇಕಡಾ ೨೬ರಷ್ಟು ಎಂಬುದು ಅದರ ನಿರ್ಣಯ.

ಇಲ್ಲಿ ‘ತೆಗೆಯದ ನಾಯಿಗಳಿಗಿರುವ ಅಪಾಯದ’ ಎಂಬ ಮಾತೇ ಮುಖ್ಯ. ಸಂಖ್ಯೆಗಳು ಒಂದು ಬರಹದಿಂದ ಇನ್ನೊಂದಕ್ಕೆ ಸಾಗುವಾಗ ಈ ಮಾತು ಅನೇಕ ಕಡೆ ಉದುರಿಹೋಗಿದೆ. ಎರಡು ಬೆದೆಗಳ ಅನಂತರ ಶಸ್ತ್ರಚಿಕಿತ್ಸೆಯಾದ ನೂರು ನಾಯಿಗಳಲ್ಲಿ ೨೬ಕ್ಕೆ ಗಂತಿ ಬರುತ್ತದೆಂದು ಓದುವವರು ಓದುತ್ತಾರೆ. ಮೂಲದ ಅರ್ಥ ಅದಲ್ಲ. ಅದು ಒಂದು ಅಪಾಯಕ್ಕೂ ಇನ್ನೊಂದು ಅಪಾಯಕ್ಕೂ ಇರುವ ಪ್ರಮಾಣ. ಮೂಲ ಅಪಾಯವೇ ಇಷ್ಟೆಂದು ತಿಳಿಯದೆ ಆ ಪ್ರಮಾಣದಿಂದ ನಾಯಿಗಳ ಸಂಖ್ಯೆಯನ್ನು ಎಣಿಸಲಾಗದು. ಲಿಪಿಕಾರನೊಬ್ಬ ಒಂದು ಪದವನ್ನು ಬಿಟ್ಟು ನಕಲು ಮಾಡಿದ ಓಲೆಯನ್ನು ಅನಂತರದವರೆಲ್ಲ ಮೂಲವೆಂದು ನಂಬಿದಂತೆ ಇದಾಯಿತು. ೨೦೧೨ರಲ್ಲಿ ಇಂಗ್ಲೆಂಡಿನ ಬೋವೆ, ಕಾರ್ಡ್‌ವೆಲ್, ಬ್ರಾಡ್‌ಬೆಲ್ಟ್ ಎಂಬವರು ಈ ವಿಷಯದ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಪರಿಶೀಲಿಸಿ, ಶಸ್ತ್ರಚಿಕಿತ್ಸೆಯಿಂದಲೂ ಅದನ್ನು ಮಾಡುವ ವಯಸ್ಸಿನಿಂದಲೂ ಗಂತಿಯ ಅಪಾಯ ತಗ್ಗುತ್ತದೆಂಬುದಕ್ಕೆ ದೊರೆಯುವ ಸಾಕ್ಷ್ಯ ದುರ್ಬಲವಾದುದೆಂದೂ, ದೃಢವಾದ ಸಲಹೆಗಳಿಗೆ ಅದು ಸಾಲದೆಂದೂ ತೀರ್ಮಾನಿಸಿದರು. ಹಾರ್ಮೋನುಗಳಿಗೂ ಈ ರೋಗಕ್ಕೂ ಸಂಬಂಧವಿಲ್ಲವೆಂದು ಅವರು ಹೇಳಲಿಲ್ಲ, ನಾವೂ ಹೇಳುತ್ತಿಲ್ಲ. ಆದರೆ ನಾಲ್ಕು ದಶಕಗಳ ಕಾಲ ನಿಶ್ಚಿತವೆಂದು ಸಾಗಿಬಂದ ಸಂಖ್ಯೆಗಳ ಮೇಲೆ ಎಪಿಜೆನೆಟಿಕ್ ಸ್ಮೃತಿಯ ಸಿದ್ಧಾಂತವನ್ನು ಕಟ್ಟುವವರು, ಮೊದಲು ಅಡಿಪಾಯವನ್ನು ತಟ್ಟಿ ನೋಡಬೇಕಾಗಿತ್ತು.

ಇದಕ್ಕಿಂತಲೂ ಗುರುತರವಾದ ಇನ್ನೊಂದು ಪ್ರಸಂಗವಿದೆ. ನಾಯಿಯ ಸ್ತನಗಂತಿಯಿಂದ ಸ್ತ್ರೀಯರ ಭವಿಷ್ಯವನ್ನು ಓದುವ ಪ್ರಯತ್ನ ಎಪಿಜೆನೆಟಿಕ್ಸ್ ಬರುವುದಕ್ಕೆ ಬಹಳ ಮುಂಚೆಯೇ ಒಮ್ಮೆ ನಡೆದಿತ್ತು. ೧೯೬೦ರ ದಶಕದ ಕೊನೆಯ ವೇಳೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಗರ್ಭನಿರೋಧಕವಾಗಿ ಬಳಸುವ ಹಾರ್ಮೋನುಗಳನ್ನು ಬೀಗಲ್ ಜಾತಿಯ ಹೆಣ್ಣು ನಾಯಿಗಳ ಮೇಲೆ ಏಳು ವರ್ಷಗಳ ಕಾಲ ಪರೀಕ್ಷಿಸಬೇಕೆಂದು ವಿಧಿಸಿತು. ಪ್ರೊಜೆಸ್ಟೊಜೆನ್ ವರ್ಗದ ಕೆಲವು ಔಷಧಗಳನ್ನು ಪಡೆದ ಬೀಗಲ್‌ಗಳಲ್ಲಿ ಸ್ತನಗಂತಿಗಳು ಕಾಣಿಸಿಕೊಂಡವು. ಮೆಡ್ರಾಕ್ಸಿಪ್ರೊಜೆಸ್ಟರಾನ್ ಚುಚ್ಚುಮದ್ದಿಗೆ ೧೯೭೮ರಲ್ಲಿ ಗರ್ಭನಿರೋಧಕವಾಗಿ ಅಲ್ಲಿ ಅನುಮತಿ ದೊರೆಯದಿದ್ದುದಕ್ಕೆ ಈ ನಾಯಿಗಳ ಸಾಕ್ಷ್ಯವೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯು ಅನೇಕ ದೇಶಗಳ ಸ್ತ್ರೀಯರಲ್ಲಿ ನಡೆಸಿ ೧೯೯೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಔಷಧವನ್ನು ಬಳಸಿದವರಿಗೆ ಒಟ್ಟಿನಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿದುದು ಕಾಣಲಿಲ್ಲ. ಇತ್ತೀಚೆಗೆ ಬಳಕೆಯನ್ನು ಆರಂಭಿಸಿದವರಲ್ಲಿ ಮಾತ್ರ ಅಲ್ಪ ಹೆಚ್ಚಳದ ಸೂಚನೆಯಿತ್ತು. ೧೯೯೨ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ನಾಯಿ ಸುಳ್ಳು ಹೇಳಿತೆ? ಹಾಗಲ್ಲ. ನಾಯಿ ತನ್ನ ವಿಷಯದಲ್ಲಿ ನಿಜವನ್ನೇ ಹೇಳಿತ್ತು. ೧೯೯೪ರಲ್ಲಿ ನೆದರ್ಲೆಂಡಿನ ಉಟ್ರೆಕ್ಟಿನ ಪಶುವೈದ್ಯ ಸಂಶೋಧಕರು, ನಾಯಿಗೆ ಪ್ರೊಜೆಸ್ಟೊಜೆನ್ ಕೊಟ್ಟಾಗ ಅದರ ರಕ್ತದಲ್ಲಿ ಏರುವ ಬೆಳವಣಿಗೆಯ ಹಾರ್ಮೋನು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯದಲ್ಲ, ಸ್ತನಗ್ರಂಥಿಯದೇ ಎಂಬುದನ್ನು ಕಂಡುಹಿಡಿದರು. ಈ ಔಷಧದಿಂದ ಸ್ತ್ರೀಯರ ರಕ್ತದಲ್ಲಿ ಅಂಥ ಏರಿಕೆಯಾಗುವುದಿಲ್ಲ. ಇದಲ್ಲದೆ, ಗರ್ಭ ನಿಂತರೂ ನಿಲ್ಲದಿದ್ದರೂ ಪ್ರತಿಯೊಂದು ಬೆದೆಯ ಅನಂತರ ಸುಮಾರು ಎರಡು ತಿಂಗಳ ಕಾಲ ನಾಯಿಯ ದೇಹದಲ್ಲಿ ಪ್ರೊಜೆಸ್ಟರಾನ್ ಉನ್ನತಮಟ್ಟದಲ್ಲಿರುತ್ತದೆ. ಸ್ತ್ರೀಯರ ಮಾಸಿಕ ಚಕ್ರ ಬೇರೆಯದೇ ಕ್ರಮದ್ದು. ಅಂಗ ಒಂದೇ, ರೋಗದ ಹೆಸರು ಒಂದೇ, ಆದರೆ ರೋಗಕ್ಕೆ ಹೋದ ದಾರಿ ಬೇರೆ. ಇದೇ ಔಷಧವು ‘ಅಂತರ’ ಎಂಬ ಹೆಸರಿನಿಂದ ೨೦೧೭ರಲ್ಲಿ ನಮ್ಮ ದೇಶದ ಸರ್ಕಾರಿ ಕುಟುಂಬಯೋಜನೆಯನ್ನು ಸೇರಿತು. ಅದರ ವಿರುದ್ಧ ಮಹಿಳಾ ಸಂಘಟನೆಗಳು ಬಹುಕಾಲದಿಂದ ಎತ್ತಿದ್ದ ಆಕ್ಷೇಪಣೆಗಳಿಗೆ ತಿಳಿದು ನೀಡುವ ಸಮ್ಮತಿ, ಎಲುಬಿನ ಬಲ, ವೈದ್ಯಕೀಯ ಮೇಲ್ವಿಚಾರಣೆ ಮುಂತಾದ ಬೇರೆ ಆಧಾರಗಳೂ ಇದ್ದವು. ಅವು ಇಲ್ಲಿಯ ಚರ್ಚೆಯಿಂದ ಬಗೆಹರಿಯತಕ್ಕವಲ್ಲ. ನಾವು ಹೇಳುವುದಿಷ್ಟೆ: ಒಂದು ಪ್ರಾಣಿಯ ಸ್ತನದಲ್ಲಿ ಕಂಡದ್ದನ್ನು ಲಕ್ಷಾಂತರ ಸ್ತ್ರೀಯರ ಮೇಲೆ ಅನ್ವಯಿಸಿದ ಈ ದೀರ್ಘ ಪ್ರಸಂಗವು, ಹೋಲಿಕೆಯ ಮಾತನ್ನು ಲೇಖನದ ಮೊದಲಲ್ಲಿ ಬರೆಯುವ ಪ್ರತಿಯೊಬ್ಬ ಸಂಶೋಧಕನ ಕಣ್ಣಮುಂದೆ ಇರಬೇಕಾದುದು.

ಈಗ ಎಪಿಜೆನೆಟಿಕ್ ಗುರುತುಗಳಿಗೆ ಬರೋಣ. ಇಲ್ಲಿ ಹೋಲಿಕೆಯನ್ನು ತೊಡಕುಗೊಳಿಸುವ ಸಂಗತಿಗಳು ಮೂರು.

ಮೊದಲನೆಯದು, ಗುರುತು ಬೀಳುವ ಹಾಳೆಯೇ ಬೇರೆಯಾಗಿರುವುದು. ಮೀಥೈಲ್ ಗುರುತು ಸಾಮಾನ್ಯವಾಗಿ, ಗ್ವಾನಿನ್‌ಗೆ ಹಿಂದೆಯೇ ನಿಂತಿರುವ ಸೈಟೋಸಿನ್ ಅಕ್ಷರದ ಮೇಲೆ ಬೀಳುತ್ತದೆ. ಇಂಥ ಜೋಡಿಗಳು ದಟ್ಟವಾಗಿ ಸೇರಿದ ಸ್ಥಳಗಳು ಅನೇಕ ಜೀನುಗಳ ಆರಂಭದಲ್ಲಿರುತ್ತವೆ. ಸಂತಾನಕೋಶಗಳು ಉತ್ಪನ್ನವಾಗುವಾಗ ಕ್ರೋಮೋಸೋಮುಗಳು ತುಂಡುಗಳನ್ನು ಎಲ್ಲಿ ವಿನಿಮಯ ಮಾಡಿಕೊಳ್ಳಬೇಕೆಂಬುದನ್ನು ಮನುಷ್ಯನಲ್ಲಿ ಪಿ.ಆರ್.ಡಿ.ಎಂ. ೯ ಎಂಬ ಜೀನು ನಿರ್ದೇಶಿಸುತ್ತದೆ. ನಾಯಿಯ ವಂಶದಲ್ಲಿ ಈ ಜೀನು ಬಹು ಹಿಂದೆಯೇ ಕೆಟ್ಟುಹೋಗಿದೆ. ಆದುದರಿಂದ ಅದರಲ್ಲಿ ವಿನಿಮಯವು ಹೆಚ್ಚಾಗಿ ಮೇಲೆ ಹೇಳಿದ ದಟ್ಟಸ್ಥಳಗಳಲ್ಲಿಯೇ ನಡೆಯುತ್ತ ಬಂದು, ಕಾಲಕ್ರಮದಲ್ಲಿ ಆ ಸ್ಥಳಗಳಲ್ಲಿ ಗ್ವಾನಿನ್, ಸೈಟೋಸಿನ್‌ಗಳ ಪ್ರಮಾಣವನ್ನು ಇನ್ನೂ ಹೆಚ್ಚಿಸಿದೆ. ಹೀಗಿರುವಲ್ಲಿ, ನಾಯಿಯಲ್ಲಿಯೂ ಸ್ತ್ರೀಯಲ್ಲಿಯೂ ‘ಒಂದೇ ಜೀನಿನ’ ಆರಂಭದಲ್ಲಿ ಗುರುತು ಹೆಚ್ಚಿತೆಂದು ಹೇಳುವ ಮುನ್ನ, ಎರಡು ಕಡೆಯ ಆರೋಗ್ಯವಂತ ಸ್ಥಿತಿ ಹೇಗಿತ್ತೆಂಬುದನ್ನು ಹೇಳಬೇಕಾಗುತ್ತದೆ.

ಎರಡನೆಯದು, ಗಂತಿಯ ರಚನೆ. ನಾಯಿಯ ಸ್ತನಗಂತಿಗಳಲ್ಲಿ ಹಾಲಿನ ನಾಳಗಳ ಒಳಪದರದ ಕೋಶಗಳಲ್ಲದೆ, ಅವುಗಳನ್ನು ಹೊರಗಿನಿಂದ ಸುತ್ತುವರಿದ ಸಂಕೋಚಕ ಕೋಶಗಳೂ, ಕೆಲವು ವೇಳೆ ಮೃದ್ವಸ್ಥಿ ಮತ್ತು ಎಲುಬೂ ಸೇರಿಕೊಂಡಿರುತ್ತವೆ. ‘ಮಿಶ್ರಗಂತಿ’ ಎಂಬ ಈ ಬಗೆ ನಾಯಿಯಲ್ಲಿ ಸಾಮಾನ್ಯ, ಸ್ತ್ರೀಯರಲ್ಲಿ ವಿರಳ. ಪ್ರತಿಯೊಂದು ಬಗೆಯ ಕೋಶಕ್ಕೂ ತನ್ನದೇ ಆದ ಮೀಥೈಲ್ ವಿನ್ಯಾಸವಿರುತ್ತದೆಂಬುದು ವ್ಯಾಡಿಂಗ್‌ಟನ್ನರ ಕಣಿವೆಗಳಿಂದಲೇ ಊಹಿಸಬಹುದಾದ ಮಾತು. ಅಂದಮೇಲೆ ಗಂತಿಯನ್ನು ಇಡಿಯಾಗಿ ಅರೆದು, ಆರೋಗ್ಯವಂತ ಗ್ರಂಥಿಯನ್ನೂ ಅರೆದು, ಎರಡರ ಗುರುತುಗಳನ್ನು ಹೋಲಿಸಿದರೆ, ಕಾಣುವ ವ್ಯತ್ಯಾಸವು ಕೋಶಗಳೊಳಗಿನ ಬದಲಾವಣೆಯಿಂದ ಬಂದುದೋ ಅಥವಾ ಕೋಶಗಳ ಜಾತಿಗಳು ಬೇರೆ ಪ್ರಮಾಣದಲ್ಲಿ ಬೆರೆತುದರಿಂದ ಬಂದುದೋ ಎಂಬುದು ತಿಳಿಯುವುದಿಲ್ಲ. ಎರಡು ಊರುಗಳ ಜನಗಣತಿಯಲ್ಲಿ ವೃತ್ತಿಗಳು ಬೇರೆಯಾಗಿ ಕಂಡರೆ, ಜನ ವೃತ್ತಿ ಬದಲಿಸಿದರೆಂದೂ ಹೇಳಬಹುದು, ಬೇರೆ ಜನ ಬಂದು ನೆಲಸಿದರೆಂದೂ ಹೇಳಬಹುದು. ಗಣತಿಯ ಮೊತ್ತ ಮಾತ್ರ ಅದನ್ನು ನಿರ್ಣಯಿಸಲಾರದು.

ಮೂರನೆಯದು, ವಯಸ್ಸು. ೨೦೨೦ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ೧೦೪ ಲ್ಯಾಬ್ರಡಾರ್ ನಾಯಿಗಳ ಮೀಥೈಲ್ ಗುರುತುಗಳನ್ನು ಪರೀಕ್ಷಿಸಿ, ಅವು ವಯಸ್ಸಿನೊಡನೆ ಕ್ರಮವಾಗಿ ಬದಲಾಗುತ್ತವೆಂದೂ, ಆ ಬದಲಾವಣೆ ಎಳೆತನದಲ್ಲಿ ಬಹು ವೇಗವಾಗಿಯೂ ಅನಂತರ ನಿಧಾನವಾಗಿಯೂ ನಡೆಯುತ್ತದೆಂದೂ ತೋರಿಸಿದರು. ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಗಳಿಗೆ ಸಮವೆಂಬ ಜನಜನಿತವಾದ ಲೆಕ್ಕ ಇದರಿಂದ ಬಿದ್ದುಹೋಯಿತು. ಅವರ ಸೂತ್ರದಂತೆ ಒಂದು ವರ್ಷದ ನಾಯಿ ಸುಮಾರು ಮೂವತ್ತು ವರ್ಷದ ಮನುಷ್ಯನಿಗೆ ಸಮ. ನಮ್ಮ ವಿಷಯಕ್ಕೆ ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ಗಂತಿ ಬರುವುದು ಸಾಮಾನ್ಯವಾಗಿ ವಯಸ್ಸಾದ ನಾಯಿಗೆ. ಅದನ್ನು ಎಳೆಯ ನಾಯಿಯ ಆರೋಗ್ಯವಂತ ಗ್ರಂಥಿಯೊಡನೆ ಹೋಲಿಸಿದರೆ, ರೋಗದ ಗುರುತೆಂದು ತೋರುವುದು ಮುಪ್ಪಿನ ಗುರುತೂ ಆಗಿರಬಹುದು. ಬೆದೆಯ ಯಾವ ಘಟ್ಟದಲ್ಲಿ ಅಂಗಾಂಶವನ್ನು ತೆಗೆಯಲಾಯಿತೆಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಈ ಸಂಶೋಧನೆಯೆಲ್ಲ ನಿಷ್ಫಲವೆಂದು ನಮ್ಮ ಅಭಿಪ್ರಾಯವಲ್ಲ. ಅಕ್ಷರವೇ ಬದಲಾದ ದೋಷವನ್ನು ತಿದ್ದುವುದು ಕಷ್ಟ. ಮೀಥೈಲ್ ಗುರುತನ್ನಾದರೋ ಅಳಿಸಬಹುದು. ೧೯೬೪ರಲ್ಲಿ ಪ್ರಾಗ್ ನಗರದಲ್ಲಿ ತಯಾರಾದ ಅಜಸೈಟಿಡಿನ್ ಎಂಬ ವಸ್ತುವು ಈ ಗುರುತುಗಳನ್ನು ತಡೆಯುತ್ತದೆಂದು ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ೧೯೮೦ರಲ್ಲಿ ತೋರಿಸಿದರು. ೨೦೦೪ರಲ್ಲಿ ಅದು ಮಾನವನ ಮಜ್ಜೆಯ ಒಂದು ರೋಗಕ್ಕೆ ಔಷಧವಾಗಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ನಾಯಿಯ ಸ್ತನಗಂತಿಗೆ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ ಆಗಿರುವಾಗ, ಹೊಸ ದಾರಿಯನ್ನು ಹುಡುಕುವುದು ಅವಶ್ಯವಾದ ಕೆಲಸ. ಉತ್ತಮವಾದ ಅಧ್ಯಯನಗಳು ನಮ್ಮ ಆಕ್ಷೇಪಣೆಗಳಲ್ಲಿ ಕೆಲವಕ್ಕೆ ಉತ್ತರವನ್ನೂ ಕೊಡತೊಡಗಿವೆ. ೨೦೨೦ರಲ್ಲಿ ದಕ್ಷಿಣ ಕೊರಿಯದ ಸಂಶೋಧಕರು ಪ್ರಕಟಿಸಿದ ಕಾರ್ಯವನ್ನು ಇಲ್ಲಿ ಸ್ಮರಿಸಬಹುದು. ಗಂತಿಯನ್ನು ಬೇರೊಂದು ನಾಯಿಯೊಡನೆ ಹೋಲಿಸದೆ ಅದರ ಪಕ್ಕದ ಆರೋಗ್ಯವಂತ ಅಂಗಾಂಶದೊಡನೆ ಅವರು ಹೋಲಿಸಿದರು. ಇದರಿಂದ ವಯಸ್ಸಿನ ತೊಡಕು ಬಹುಮಟ್ಟಿಗೆ ತಪ್ಪಿತು. ಜೀನಿನ ಆರಂಭಸ್ಥಾನವನ್ನು ಮಾತ್ರ ನೋಡದೆ, ಜೀನಿನ ನಡುವೆ ಬರುವ ‘ಇಂಟ್ರಾನ್’ ಭಾಗಗಳ ಗುರುತುಗಳನ್ನೂ ಎಣಿಸಿ, ಅವನ್ನು ಸ್ತ್ರೀಯರ ಕ್ಯಾನ್ಸರಿನ ಮಾಹಿತಿಯೊಡನೆ ಸಾಲಿಟ್ಟು ನೋಡಿದರು. ಹೋಲಿಕೆಯನ್ನು ಮೊದಲೇ ನಂಬಿ ಹೊರಡುವುದಕ್ಕೂ, ಹೀಗೆ ಹೋಲಿಕೆಯನ್ನೇ ಪರೀಕ್ಷೆಗೆ ಒಡ್ಡುವುದಕ್ಕೂ ಅಂತರ ಬಹಳ.

ಆದುದರಿಂದ ಈ ವಿಷಯದ ಲೇಖನವೊಂದು ಕೈಗೆ ಬಂದಾಗ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೇಳತಕ್ಕ ಪ್ರಶ್ನೆಗಳು ಇವು. ಗುರುತನ್ನು ಯಾವ ಕೋಶಗಳಿಂದ ಓದಲಾಯಿತು? ಆ ನಾಯಿಯ ವಯಸ್ಸೆಷ್ಟು, ಜಾತಿ ಯಾವುದು, ಬೆದೆಯ ಯಾವ ಘಟ್ಟ, ಅಂಡಾಶಯವಿದ್ದಿತೆ ಇಲ್ಲವೆ? ಗುರುತು ಬದಲಾದಾಗ ಜೀನಿನ ನಡವಳಿಕೆಯೂ ಬದಲಾಯಿತೆ? ಗುರುತನ್ನು ಅಳಿಸಿದರೆ ಗಂತಿಯ ನಡವಳಿಕೆ ಬದಲಾಗುತ್ತದೆಯೆ? ಈ ಕೊನೆಯ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಗುರುತನ್ನು ರೋಗದ ಕಾರಣವೆಂದು ಕರೆಯುವುದು ಅವಸರದ ಮಾತು. ರೋಗದ ಜೊತೆಗಾರನೆಂದು ಕರೆಯುವುದು ನ್ಯಾಯ.

ಕಡೆಯದಾಗಿ ಇನ್ನೊಂದು ಮಾತು. ನಾಯಿಯನ್ನು ಸದಾ ಸ್ತ್ರೀಯ ಪ್ರತಿರೂಪವೆಂದು ನೋಡುವ ಪದ್ಧತಿಯಿಂದ ಇಬ್ಬರಿಗೂ ನಷ್ಟವಾಗಿದೆ. ತನ್ನದಲ್ಲದ ದೇಹದ ಸಾಕ್ಷ್ಯದ ಮೇಲೆ ಸ್ತ್ರೀಯ ವಿಷಯವನ್ನು ತೀರ್ಮಾನಿಸಿದ ಕಾಲವೊಂದು ಇತ್ತು. ನಾಯಿಯ ರೋಗವನ್ನಾದರೋ ನಾಯಿಗಾಗಿಯೇ ಅರಿಯುವ ಕೆಲಸ ಹಿಂದೆ ಬಿತ್ತು. ಬೀಗಲ್‌ಗಳ ಸ್ತನದಲ್ಲಿ ಬೆಳವಣಿಗೆಯ ಹಾರ್ಮೋನು ಹುಟ್ಟುತ್ತದೆಂಬ ಸಂಗತಿ, ಆ ಪರೀಕ್ಷೆಗಳನ್ನು ವಿಧಿಸಿ ಎರಡು ದಶಕಗಳು ಕಳೆದ ಮೇಲೆ ತಿಳಿಯಿತು. ಅದನ್ನು ತಿಳಿಸಿದವರು ನಾಯಿಯನ್ನು ನಾಯಿಯೆಂದೇ ಪರೀಕ್ಷಿಸಿದ ಪಶುವೈದ್ಯರು. ಎಪಿಜೆನೆಟಿಕ್ ಗುರುತುಗಳ ವಿಷಯದಲ್ಲಿಯೂ ಅವರ ಕ್ರಮವನ್ನೇ ಮೊದಲು ಅನುಸರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.